ರೆಕ್ಕೆಯ ಎಲ್ಫೋ, ನೆರಳಿನ ಎಲ್ಫೋ?

ಪ್ರಶ್ನೆ: ನಾವು ಐದು ಜನ ಗೆಳೆಯರು ಒಂದು ವರ್ಷದಿಂದ ಭಾನುವಾರ ಸಂಜೆ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತಿದ್ದೇವೆ, ಅದೇ, ಮೇಜಿನ ಸುತ್ತ ಕೂತು ಪಾತ್ರ ವಹಿಸಿ, ದಾಳ ಹಾಕಿ ಕಥೆ ಕಟ್ಟುವ ಆಟ. ಮಾತೆಲ್ಲ ಹೆಚ್ಚುಕಮ್ಮಿ ಕನ್ನಡದಲ್ಲೇ. ಮೊದಲ ಕ್ಯಾಂಪೇನಿನಲ್ಲಿ (ಹಲವು ವಾರ ನಡೆಯುವ ಒಂದೇ ಕಥೆ) ನಾನು ಸಾಧಾರಣ ವುಡ್ ಎಲ್ಫ್ ರೇಂಜರ್ ಆಗಿದ್ದೆ, ಅಂದರೆ ಚೂಪು ಕಿವಿಯ ಮಾಯಾಜನರಲ್ಲಿ ಒಬ್ಬ ಕಾಡಿನ ಬೇಟೆಗಾರ. ಹೊಸದು ಒಂದು ಬಂದರು ಊರಲ್ಲಿ ಶುರುವಾಗಿ, ಆಮೇಲೆ ನೆಲದಡಿಯ ಪಾಳುಕೋಟೆಗಳಿಗೆ ಇಳಿಯುತ್ತದಂತೆ. ಈ ಸಲ ಅಪರೂಪದ ಎಲ್ಫ್ ಆಡಬೇಕು ಅಂತ ಆಸೆ. ರೆಕ್ಕೆ ಇರುವ ಅವೇರಿಯಲ್, ಇಲ್ಲವೇ ನೆರಳಿನ ಲೋಕದ ಶಾಡರ್-ಕೈ. ರೆಕ್ಕೆ ಅಂದ ಕೂಡಲೇ ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಮುಖ ಹುಳ್ಳಗೆ ಮಾಡಿದ. ಗೆಳತಿಯೊಬ್ಬಳು "ಎಲ್ಲಾ ಎಲ್ಫೂ ಒಂದೇ, ಕಿವಿ ಚೂಪು ಅಷ್ಟೇ" ಅಂತ ನಗುತ್ತಾಳೆ. ಯಾವುದು ತೆಗೆದುಕೊಳ್ಳಲಿ? ಶೋ ಆಫ್ ಅನ್ನಿಸದ ಹಾಗೆ ಆಡುವುದು ಹೇಗೆ? 2014ರ ನಿಯಮದ ಪುಸ್ತಕದಿಂದ ಈಗ 2024ರದ್ದಕ್ಕೆ ಬದಲಾಗುತ್ತಿದ್ದೇವೆ, ಅದೂ ಒಂದು ಗೊಂದಲ.

ಉತ್ತರ: ನೇರ ಉತ್ತರ ಮೊದಲು ಕೊಟ್ಟುಬಿಡುತ್ತೇನೆ, ಹರಟೆ ಆಮೇಲೆ. ಈ ಕ್ಯಾಂಪೇನಿಗೆ ಶಾಡರ್-ಕೈ ತೆಗೆದುಕೊಳ್ಳಿ. ಅವೇರಿಯಲ್ ಬೇಡ. ನಿಮ್ಮ ಡಿಎಂ ಮುಖ ಹುಳ್ಳಗೆ ಮಾಡಿದ್ದಕ್ಕೆ ಕಾರಣವಿದೆ. ಆ ಮುಖ ನಾನೂ ಮಾಡಿದ್ದೇನೆ. ಇನ್ನು ನೀವು ಕೇಳದೇ ಬಿಟ್ಟ ಮೂರನೇ ಎಲ್ಫ್ ಒಂದಿದೆ, ಸೀ ಎಲ್ಫ್. ಬಂದರು ಅಂದಮೇಲೆ ಅದರ ಬಗ್ಗೆಯೂ ಒಂದು ಮಾತು ಹೇಳಲೇಬೇಕು.

ನಿಮ್ಮ ಗೆಳತಿ ಹೇಳಿದ್ದು ಅರ್ಧ ನಿಜ. ಪುಸ್ತಕ ತೆರೆದು ನೋಡಿ. ಎಲ್ಲಾ ಎಲ್ಫ್‌ಗಳಿಗೂ ಕತ್ತಲಲ್ಲಿ ಕಣ್ಣು ಕಾಣುತ್ತದೆ. ಮರುಳು ಮಾಡುವ ಮಂತ್ರ ಬಿದ್ದರೆ ಎರಡು ಸಲ ದಾಳ ಹಾಕಿ ಒಳ್ಳೆಯದನ್ನು ಇಟ್ಟುಕೊಳ್ಳಬಹುದು. ನಿದ್ದೆಯ ಬದಲು ನಾಲ್ಕು ಗಂಟೆಯ ಟ್ರಾನ್ಸ್. ಇಷ್ಟು ಎಲ್ಲರಿಗೂ ಕಾಮನ್. ಸಬ್‌ರೇಸ್, ಅಂದರೆ ಒಳಪಂಗಡ ಅಂತ ಬದಲಾಗುವುದು ಅದರ ಕೆಳಗಿನ ಎರಡು ಮೂರು ಸಾಲು ಮಾತ್ರ. ಆ ಮೂರು ಸಾಲನ್ನಷ್ಟೇ ಆಡಿದರೆ ಗೆಳತಿ ಗೆದ್ದ ಹಾಗೆ.

ಬಹಳ ಜನ ಎಡವುವುದು ಇಲ್ಲೇ. ಮೊದಲ ಸೆಷನ್ನಿನಲ್ಲಿ "ನಾನು ಇಂಥವನು, ನಮ್ಮವರು ಇಂಥಲ್ಲಿ ಇರುತ್ತಾರೆ" ಅಂತ ಹತ್ತು ನಿಮಿಷ ಪ್ರವರ ಒಪ್ಪಿಸುತ್ತಾರೆ. ಎಲ್ಲರೂ ಓಹೋ ಅನ್ನುತ್ತಾರೆ. ಮೂರನೇ ಸೆಷನ್ನಿಗೆ ಅದು ಯಾರಿಗೂ ನೆನಪಿರುವುದಿಲ್ಲ, ಹೇಳಿದವನಿಗೂ ಇರುವುದಿಲ್ಲ. ನಾನು ನೋಡಿದ ಮಟ್ಟಿಗೆ, ಅಪರೂಪದ ಎಲ್ಫ್ ಟೇಬಲ್ಲಲ್ಲಿ ಉಳಿಯಬೇಕಾದರೆ ಎರಡು ಬೇಕು. ಆ ಕ್ಯಾಂಪೇನಿನಲ್ಲಿ ಅದಕ್ಕೆ ಏನಾದರೂ ಕಷ್ಟ ಇರಬೇಕು. ಜೊತೆಗೆ, ಅದು ಇರುವುದರಿಂದ ಬೇರೆಯವರಿಗೂ ಆಡೋಕೆ ಏನಾದರೂ ಸಿಗಬೇಕು.

ಈಗ ರೆಕ್ಕೆಯ ವಿಷಯ.

ಅವೇರಿಯಲ್ ಫರ್ಗಾಟನ್ ರೆಲ್ಮ್ಸ್ ಅನ್ನೋ ಆಟದ ಲೋಕದ ಹಳೇ ಎಲ್ಫ್. ಆದರೆ 2014ರಲ್ಲಿ ಬಂದ ಐದನೇ ಆವೃತ್ತಿಯಲ್ಲಿ ಅದರ ಕಥೆ ಅರ್ಧಕ್ಕೇ ನಿಂತಿತು. 2017ರ ನವೆಂಬರ್‌ನಲ್ಲಿ ಈ ಆಟದ ಪ್ರಕಾಶಕರಾದ ವಿಝರ್ಡ್ಸ್ ಆಫ್ ದ ಕೋಸ್ಟ್‌ನವರು ಆಡಿ ನೋಡಿ ಅಂತ ಒಂದು ಕರಡು ಬಿಟ್ಟರು. ಅನ್‌ಅರ್ಥ್ಡ್ ಆರ್ಕೇನಾ ಅಂತ ಅವರು ಬಿಡುವ ಕರಡುಗಳಲ್ಲಿ ಅದೂ ಒಂದು. ಅದರಲ್ಲಿ ನಾಲ್ಕು ಎಲ್ಫ್ ಇದ್ದವು: ಅವೇರಿಯಲ್, ಗ್ರುಗಾಕ್, ಸೀ ಎಲ್ಫ್, ಶಾಡರ್-ಕೈ. ಮರುವರ್ಷ ಬಂದ ಮಾರ್ಡನ್‌ಕೈನನ್ಸ್ ಟೋಮ್ ಆಫ್ ಫೋಸ್ ಪುಸ್ತಕದಲ್ಲಿ ಕೊನೆಯ ಎರಡಕ್ಕೆ ಜಾಗ ಸಿಕ್ಕಿತು, ಜೊತೆಗೆ ಎಲಾಡ್ರಿನ್ ಅನ್ನೋ ಋತುಗಳ ಎಲ್ಫ್ ಬಂತು. ಅವೇರಿಯಲ್ ಮತ್ತು ಗ್ರುಗಾಕ್ ಹೊರಗೇ ಉಳಿದವು. ಅಂದರೆ ನೀವು ಕೇಳುತ್ತಿರುವುದು ಪರೀಕ್ಷೆಯಲ್ಲಿ ಪಾಸಾಗದ ಕರಡು. ಡಿಎಂ ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಕರಡಿನ ಪ್ರಕಾರ ಅವೇರಿಯಲ್ ಒಂದು ಸರದಿಗೆ 30 ಅಡಿ ಹಾರುತ್ತದೆ, ಮೊದಲ ಲೆವೆಲ್ಲಿನಿಂದಲೇ. ಮಧ್ಯಮ ಅಥವಾ ಭಾರದ ಕವಚ ಹಾಕಿಕೊಂಡಿರಬಾರದು ಅನ್ನೋದು ಬಿಟ್ಟರೆ ಬೇರೆ ಅಡ್ಡಿ ಇಲ್ಲ. ಓದೋಕೆ ಸಣ್ಣ ವಿಷಯ. ಟೇಬಲ್ಲಿನಲ್ಲಿ ಏನಾಗುತ್ತದೆ ಗೊತ್ತಾ? ನನ್ನದೇ ಕಥೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ಟೇಬಲ್ಲಿನಲ್ಲಿ ಒಬ್ಬ ಹುಡುಗ ಅವೇರಿಯಲ್ ಸಾರ್ಸರರ್ (ಹುಟ್ಟಿನಿಂದಲೇ ಮಂತ್ರಶಕ್ತಿ ಇರುವವನು) ಆಡಿದ. ನಾನು ಉತ್ಸಾಹದಲ್ಲಿ ಹೂಂ ಅಂದಿದ್ದೆ. ಎರಡನೇ ಸೆಷನ್ನಿಗೆ ಒಂದು ಕೊರಕಲು ತಯಾರು ಮಾಡಿದ್ದೆ. 40 ಅಡಿ ಅಗಲ, ಕೆಳಗೆ ಹೊಳೆ, ಮುರಿದ ಹಗ್ಗದ ಸೇತುವೆ. ಆ ಒಂದು ದೃಶ್ಯಕ್ಕೆ ಎರಡು ಸಂಜೆ ಕೂತಿದ್ದೆ. ಯಾರು ಮೊದಲು ದಾಟುತ್ತಾರೆ, ಹಗ್ಗ ಎಲ್ಲಿ ಸವೆದಿದೆ, ಎಲ್ಲ ಲೆಕ್ಕ ಹಾಕಿದ್ದೆ. ಹುಡುಗ ಹಗ್ಗ ಹಿಡಿದು ಹಾರಿದ, ಆಚೆ ಮರಕ್ಕೆ ಕಟ್ಟಿದ. ಎರಡು ನಿಮಿಷ. ಮುಗೀತು. ಅವನದ್ದೇನೂ ತಪ್ಪಿಲ್ಲ. ರೆಕ್ಕೆ ಇದ್ದವನು ಹಾರದೆ ಏನು ಮಾಡಬೇಕು?

ತಪ್ಪು ಆಮೇಲೆ ನಾನು ಮಾಡಿದ್ದು. ಅಲ್ಲಿಂದ ಮುಂದೆ ಎಲ್ಲಿ ನೋಡಿದರೂ ಬಿಲ್ಲುಗಾರರನ್ನು ನಿಲ್ಲಿಸತೊಡಗಿದೆ. ಮೂರನೇ ಲೆವೆಲ್ಲಿನಲ್ಲಿ ಒಬ್ಬ ಮಂತ್ರವಾದಿಯ ಜೊತೆ ಕಾಳಗ. ಹುಡುಗ 50 ಅಡಿ ಮೇಲೆ ಹಾರುತ್ತಿದ್ದ. ಮಂತ್ರವಾದಿ ಹೋಲ್ಡ್ ಪರ್ಸನ್ ಹಾಕಿದ. ಮೈ ಮರಗಟ್ಟಿತು. ಹಾರುವವರಿಗೆ ಚಲಿಸುವ ಶಕ್ತಿ ಹೋದರೆ ನೇರ ಕೆಳಗೆ ಬೀಳುತ್ತಾರೆ, ನಿಯಮ ಹಾಗಿದೆ. ಪ್ರತಿ 10 ಅಡಿಗೆ ಒಂದು ಆರು ಮುಖದ ದಾಳ. ಐದು ದಾಳ ಹಾಕಿದೆ, 22 ಬಂತು. ಅವನ ಹಿಟ್ ಪಾಯಿಂಟ್, ಅಂದರೆ ಉಳಿದ ಜೀವ, ಇದ್ದಿದ್ದು 17. ಟೇಬಲ್ಲಿನಲ್ಲಿ ಒಂದು ಸದ್ದಿಲ್ಲ. ಕ್ಲೆರಿಕ್, ಅಂದರೆ ದೇವರ ಶಕ್ತಿಯಿಂದ ಗಾಯ ವಾಸಿ ಮಾಡುವ ಪಾತ್ರ, ಓಡಿ ಹೋಗಿ ಉಳಿಸಿದಳು ಅನ್ನಿ. ಆದರೆ ಆ ದಿನದ ನಂತರ ಅವನು ರೆಕ್ಕೆಯನ್ನು ಕಂಬಳಿಯೊಳಗೆ ಮಡಚಿಟ್ಟುಕೊಂಡೇ ಓಡಾಡಿದ. ರೆಕ್ಕೆಗೋಸ್ಕರ ಆ ಪಾತ್ರ ತೆಗೆದುಕೊಂಡಿದ್ದ, ಪಾಪ.

ನಿಮ್ಮ ಕ್ಯಾಂಪೇನಿನ ಕಷ್ಟ ಬೇರೆ ಥರದ್ದು. ನೆಲದಡಿಯ ಓಣಿಗಳ ಮೇಲ್ಛಾವಣಿ ಸುಮಾರಾಗಿ 10 ಅಡಿ ಇರುತ್ತದೆ. ಅಲ್ಲಿ ಹಾರಿ ಎಲ್ಲಿಗೆ ಹೋಗುತ್ತೀರಿ? ಮೇಲಾಗಿ ಅವೇರಿಯಲ್‌ಗಳು ಮುಚ್ಚಿದ ಜಾಗ ಕಂಡರೆ ಆಗದವರು ಅಂತಲೇ ಹಳೇ ಪುಸ್ತಕಗಳು ಹೇಳುತ್ತವೆ. ಕಷ್ಟ ಇರಬೇಕು ಅಂದೆನಲ್ಲ, ಇದು ಕಷ್ಟವೇ. ಆದರೆ ಮೂರು ಸೆಷನ್ ಉಸಿರುಗಟ್ಟಿದರೆ ಅದು ಕಥೆ. ಮೂವತ್ತು ಸೆಷನ್ ಉಸಿರುಗಟ್ಟಿದರೆ ನಿಮಗೂ ಬೇಜಾರು, ಕೇಳುವವರಿಗೂ ಬೇಜಾರು.

ಇಷ್ಟಾದರೂ ರೆಕ್ಕೆಯೇ ಬೇಕು ಅಂತಿದ್ದರೆ ಒಂದು ದಾರಿ ಇದೆ. 2000ದಲ್ಲಿ ಬಂದ ಬಾಲ್ಡರ್ಸ್ ಗೇಟ್ 2 ಕಂಪ್ಯೂಟರ್ ಆಟದಲ್ಲಿ ಏರಿ ಅಂತ ಒಂದು ಹುಡುಗಿ ಇದ್ದಾಳೆ. ಅವೇರಿಯಲ್, ಆದರೆ ರೆಕ್ಕೆ ಕತ್ತರಿಸಿಹೋಗಿದೆ. ನಿಮಗೆ ಅವಳು ಸಿಗುವುದೇ ಸರ್ಕಸ್ಸಿನಲ್ಲಿ. ಹಾರಲಾಗದ ಅವೇರಿಯಲ್ ಅವಳು, ಆದರೂ ಆಟ ಆಡಿದವರಿಗೆ ಇವತ್ತಿಗೂ ನೆನಪಿದ್ದಾಳೆ. ನೀವು ಡಿಎಂ ಹತ್ತಿರ ಹೀಗೆ ಕೇಳಿ: "ನನ್ನ ಒಂದು ರೆಕ್ಕೆಗೆ ಏಟು ಬಿದ್ದಿದೆ. ಈಗ ಮೇಲಿಂದ ಬಿದ್ದರೆ ತೇಲಿಕೊಂಡು ಇಳಿಯಬಲ್ಲೆ ಅಷ್ಟೇ. ಲೆವೆಲ್ 5ಕ್ಕೆ ಹಾರೋಣ." ಐದನೇ ಲೆವೆಲ್ ಯಾಕೆ ಅಂದರೆ, ವಿಝರ್ಡ್‌ಗೆ, ಅಂದರೆ ಓದಿ ಕಲಿತ ಮಂತ್ರವಾದಿಗೆ, ಹಾರುವ ಫ್ಲೈ ಮಂತ್ರ ಸಿಗುವುದು ಅಲ್ಲೇ. ಅಷ್ಟೊತ್ತಿಗೆ ಪಾರ್ಟಿಯಲ್ಲಿ ಯಾರಾದರೂ ಹಾರಬಹುದು ಅಂತ ಆಟವೇ ಲೆಕ್ಕ ಹಾಕಿರುತ್ತದೆ. ಇದಕ್ಕೆ ಒಪ್ಪುವ ಡಿಎಂಗಳು ಜಾಸ್ತಿ.

ಈಗ ಶಾಡರ್-ಕೈ. ಹೆಸರು ಕೇಳಿದ ಮೊದಲ ದಿನ ನಮ್ಮ ಟೇಬಲ್ಲಿನಲ್ಲಿ "ಎಡಗೈನೋ ಬಲಗೈನೋ?" ಅಂತ ಒಬ್ಬರು ಕೇಳಿದ್ದರು. ಆ ಜೋಕು ನಿಮ್ಮಲ್ಲೂ ಬರುತ್ತದೆ, ಮೊದಲೇ ನೀವೇ ಮಾಡಿ ಮುಗಿಸಿಬಿಡಿ.

ಇವರ ಚರಿತ್ರೆ ವಿಚಿತ್ರ. 2003ರ ಫೀಂಡ್ ಫೋಲಿಯೋ ಪುಸ್ತಕದಲ್ಲಿ ಇವರು ಎಲ್ಫೇ ಅಲ್ಲ, ನೆರಳಿನ ಶಾಪ ತಟ್ಟಿದ ಫೇ, ಅಂದರೆ ಯಕ್ಷಿಯರಂಥ ಜೀವಿಗಳು. ಆ ಶಾಪ ತಡೆಯೋಕೆ ತೋಳಿಗೆ ಗಾಲ್-ರಲನ್ ಅಂತ ಮುಳ್ಳಿನ ಲೋಹದ ಸುರುಳಿ ಸುತ್ತಿಕೊಳ್ಳುತ್ತಿದ್ದರು. ನೋವು ಇರುವ ತನಕ ನೆರಳು ನುಂಗುವುದಿಲ್ಲ ಅನ್ನೋ ಲೆಕ್ಕ. ನಾಲ್ಕನೇ ಆವೃತ್ತಿಯಲ್ಲಿ ಇವರನ್ನು ಮನುಷ್ಯರ ವಂಶ ಮಾಡಿದರು. ಎಲ್ಫ್ ಆಗಿದ್ದು ಐದನೇ ಆವೃತ್ತಿಯಲ್ಲಿ. ಈಗಿನ ಕಥೆ ಪ್ರಕಾರ ಇವರು ಶ್ಯಾಡೋಫೆಲ್ ಅನ್ನೋ ಮಂಕು ಲೋಕದಲ್ಲಿ ರೇವನ್ ಕ್ವೀನ್ ಅನ್ನೋ ಅಲ್ಲಿನ ಒಡತಿಯ ಸೇವೆ ಮಾಡುವವರು. ಅಲ್ಲಿ ಇರುವಾಗ ಮುದುಡಿದ ಮುದುಕರ ಹಾಗೆ ಕಾಣುತ್ತಾರೆ. ನಮ್ಮ ಲೋಕಕ್ಕೆ ಬಂದರೆ ಯೌವನ ವಾಪಸ್, ಆದರೆ ಮೈಯಲ್ಲಿ ರಕ್ತ ಇಲ್ಲದಷ್ಟು ಬಿಳಿಚು. ಮೂರು ಕಥೆಯಲ್ಲಿ ನಿಮ್ಮ ಡಿಎಂ ಯಾವುದನ್ನು ನಂಬುತ್ತಾನೆ ಅಂತ ಮೊದಲೇ ಕೇಳಿ. ಮುಳ್ಳಿನ ಸುರುಳಿ ಇಷ್ಟವಾದರೆ ಅದನ್ನು ಈಗಿನ ಕಥೆಗೂ ತರಬಹುದು, ಯಾರೂ ತಕರಾರು ಮಾಡುವುದಿಲ್ಲ.

ಆಟದ ಲೆಕ್ಕದಲ್ಲಿ ಇವರ ಮುಖ್ಯ ಆಸ್ತಿ ಒಂದು ಮಾಯಾ ಜಿಗಿತ. ಬೋನಸ್ ಆಕ್ಷನ್‌ನಲ್ಲಿ, ಅಂದರೆ ಸರದಿಗೆ ಒಂದೇ ಸಲ ಸಿಗುವ ಸಣ್ಣ ಹೆಚ್ಚುವರಿ ಅವಕಾಶದಲ್ಲಿ, 30 ಅಡಿ ದೂರಕ್ಕೆ ಮಾಯವಾಗಿ ಕಾಣಿಸಿಕೊಳ್ಳುವುದು. ಮೂರನೇ ಲೆವೆಲ್ಲಿನಿಂದ, ಹಾಗೆ ಜಿಗಿದ ಮೇಲೆ ನಿಮ್ಮ ಮುಂದಿನ ಸರದಿ ತನಕ ಯಾವ ಏಟು ಬಿದ್ದರೂ ಅರ್ಧ. ಸಾವಿನ ಶಕ್ತಿಯ ಏಟು, ಅಂದರೆ ನೆಕ್ರೋಟಿಕ್, ಯಾವಾಗಲೂ ಅರ್ಧವೇ. 2018ರ ಪುಸ್ತಕದಲ್ಲಿ ಈ ಜಿಗಿತ ಲಾಂಗ್ ರೆಸ್ಟ್‌ಗೆ (ರಾತ್ರಿಯ ಪೂರ್ತಿ ವಿಶ್ರಾಂತಿಗೆ) ಒಂದೇ ಸಲ ಇತ್ತು. 2022ರ ಮಾನ್‌ಸ್ಟರ್ಸ್ ಆಫ್ ದ ಮಲ್ಟಿವರ್ಸ್‌ನಲ್ಲಿ ಪ್ರೊಫಿಷಿಯನ್ಸಿ ಬೋನಸ್ (ಲೆವೆಲ್ ಜೊತೆ ಬೆಳೆಯುವ ಅಂಕ) ಎಷ್ಟೋ ಅಷ್ಟು ಸಲ ಮಾಡಿದರು. ಅಂದರೆ ಶುರುವಿನಲ್ಲೇ ಎರಡು, ಐದನೇ ಲೆವೆಲ್ಲಿಗೆ ಮೂರು. 2022ರದ್ದನ್ನೇ ತೆಗೆದುಕೊಳ್ಳಿ.

ಇನ್ನೊಂದು ಸಣ್ಣ ವಿಷಯ, ಬಹಳ ಜನ ಗಮನಿಸುವುದಿಲ್ಲ. ಈ ಜಿಗಿತ ಮಂತ್ರ ಅಲ್ಲ, ಮೈಗೆ ಬಂದ ಗುಣ. ಹಾಗಾಗಿ ವಿಝರ್ಡ್ ಒಬ್ಬಳು ಫೈರ್‌ಬಾಲ್ (ಬೆಂಕಿಯುಂಡೆ) ಮಂತ್ರ ಹಾಕಿ ಅದೇ ಸರದಿಯಲ್ಲಿ ಜಿಗಿದು ಕಂಬದ ಹಿಂದೆ ಹೋಗಬಹುದು. ಹೀಗೇ ಜಿಗಿಸುವ ಮಿಸ್ಟಿ ಸ್ಟೆಪ್ ಮಂತ್ರ ಹಾಕಿಕೊಂಡು ಇದನ್ನು ಮಾಡಲು ಹೋದರೆ ನಿಯಮ ಅಡ್ಡ ಬರುತ್ತದೆ. ಅದೇ ರೋಗ್, ಅಂದರೆ ಕಳ್ಳನಂಥ ಚುರುಕು ಪಾತ್ರ ಆದರೆ ಯೋಚಿಸಿ. ರೋಗ್‌ನ ಕೈಚಳಕವೆಲ್ಲ ಬೋನಸ್ ಆಕ್ಷನ್‌ನಲ್ಲೇ ಇರೋದು. ಒಂದೇ ಸೀಟಿಗೆ ಇಬ್ಬರು ಟವೆಲ್ ಹಾಕಿದ ಹಾಗೆ ಆಗುತ್ತದೆ. ರೇಂಜರ್‌ದ್ದೂ ಅದೇ ಗೋಳು, ಬೇಟೆಗೆ ಗುರುತು ಹಾಕುವ ಹಂಟರ್ಸ್ ಮಾರ್ಕ್ ಮಂತ್ರ ಅಲ್ಲೇ ಕೂತಿರುತ್ತದೆ. ನಿಮ್ಮ ಜಾಗದಲ್ಲಿ ನಾನಾದರೆ ವಿಝರ್ಡ್ ಅಥವಾ ಕ್ಲೆರಿಕ್ ಆಡುತ್ತಿದ್ದೆ.

2024ರ ಪುಸ್ತಕದ ಗೊಂದಲ ನೀವು ಅಂದುಕೊಂಡಷ್ಟಿಲ್ಲ. ಹಳೇ ಪುಸ್ತಕದ ಎಲ್ಫ್ ಹೊಸ ಆಟಕ್ಕೆ ಬರಬಹುದು. ಆದರೆ ಸ್ಟ್ರೆಂಗ್ತ್, ಡೆಕ್ಸ್ಟೆರಿಟಿ ಇತ್ಯಾದಿಗಳ ಹೆಚ್ಚುವರಿ ಅಂಕ ಈಗ ಬ್ಯಾಕ್‌ಗ್ರೌಂಡ್‌ನಿಂದ, ಅಂದರೆ ಪಾತ್ರದ ಹಿಂದಿನ ಬದುಕಿನಿಂದ ಬರುತ್ತದೆ. ಹಳೇ ಪುಸ್ತಕದ ಅಂಕವನ್ನು ಅದರ ಮೇಲೆ ಮತ್ತೆ ಕೂಡಿಸಬೇಡಿ. ಅಷ್ಟೇ. ರೇಸ್ ಅನ್ನೋ ಪದ ಹೋಗಿ ಸ್ಪೀಶೀಸ್ ಬಂದಿದೆ. ನಮ್ಮ ಟೇಬಲ್ಲಿನಲ್ಲಿ ಮೊದಲಿಂದಲೂ 'ಕುಲ' ಅನ್ನುತ್ತೇವೆ. 'ಜಾತಿ' ಅಂದರೆ ಆಟ ಬಿಟ್ಟು ಮಾತು ಬೇರೆ ಕಡೆ ಹೋಗುತ್ತದೆ ನೋಡಿ.

ನೀವು ಕೇಳಿದ್ದರಲ್ಲಿ ಮುಖ್ಯವಾದದ್ದು ಆಡುವುದು ಹೇಗೆ ಅನ್ನೋದು. ಶಾಡರ್-ಕೈ ಆಡುವವರು ಬೀಳುವ ಹಳ್ಳ ಒಂದೇ. ಕಪ್ಪು ಬಟ್ಟೆ, ಹೋಟೆಲ್ ಮೂಲೆ, ಮಾತಿಲ್ಲ ಕತೆಯಿಲ್ಲ. "ನನ್ನ ದುಃಖ ನಿಮಗೆ ಅರ್ಥವಾಗದು" ಅನ್ನೋ ಮುಖ. ಮೊದಲ ದಿನ ಚೆನ್ನಾಗಿರುತ್ತದೆ, ಎರಡನೇ ದಿನದಿಂದ ಯಾರೂ ಮಾತಾಡಿಸುವುದಿಲ್ಲ. ಪುಸ್ತಕವನ್ನೇ ಸರಿಯಾಗಿ ಓದಿದರೆ ಇದಕ್ಕೆ ಮದ್ದು ಅಲ್ಲೇ ಇದೆ. ರೇವನ್ ಕ್ವೀನ್ ದುಃಖದ ನೆನಪುಗಳನ್ನು ಕೂಡಿಡುವವಳು. ಶಾಡರ್-ಕೈಗಳು ಅವಳಿಗಾಗಿ ಅಂಥ ನೆನಪು, ಅಂಥ ವಸ್ತು ಹುಡುಕಿಕೊಂಡು ಲೋಕ ಸುತ್ತುವವರು. ಅಂದರೆ ಅವರ ಕೆಲಸ ತಮ್ಮ ದುಃಖ ಹೇಳಿಕೊಳ್ಳುವುದಲ್ಲ, ಬೇರೆಯವರ ದುಃಖ ಕೇಳುವುದು!

ಇದನ್ನು ನಮ್ಮ ಟೇಬಲ್ಲಿನಲ್ಲಿ ಒಬ್ಬಾಕೆ ಮಾಡಿದ ರೀತಿ ಈಗಲೂ ಕಣ್ಣಮುಂದೆ ಇದೆ. ಅವಳದ್ದು ಶಾಡರ್-ಕೈ ಕ್ಲೆರಿಕ್. ಕಾಡಿನಲ್ಲಿ ರಾತ್ರಿ, ಎರಡನೇ ಕಾವಲು. ಜೊತೆಗೆ ಡ್ವಾರ್ಫ್ ಫೈಟರ್, ಅಂದರೆ ಕುಳ್ಳ ಗಣಿಗಾರರ ಕುಲದ ಯೋಧ. ಆ ಹುಡುಗ ಆಟಕ್ಕೆ ಹೊಸಬ, ಕ್ಯಾರೆಕ್ಟರ್ ಶೀಟಿನಲ್ಲಿ ಹಿನ್ನೆಲೆ ಅನ್ನೋ ಜಾಗ ಖಾಲಿ. ಇವಳು ಸುಮ್ನೆ ಕೇಳಿದಳು: "ನಿನ್ನ ಕೊಡಲಿಯ ಹಿಡಿ ಬೇರೆ ಮರದ್ದು. ಹಳೇದು ಏನಾಯ್ತು?" ಹಿಡಿ ಬೇರೆ ಮರದ್ದು ಅಂತ ಯಾರೂ ಹೇಳಿರಲಿಲ್ಲ, ಅವಳೇ ಆ ಕ್ಷಣಕ್ಕೆ ಹುಟ್ಟಿಸಿದ್ದು. ಹುಡುಗ ಸ್ವಲ್ಪ ಹೊತ್ತು ದಾಳವನ್ನು ಬೆರಳಲ್ಲಿ ತಿರುಗಿಸುತ್ತಾ ಕೂತ. ಆಮೇಲೆ ಅಂದ, "ಇದು ಅಣ್ಣಂದು. ಗಣಿಯಲ್ಲಿ ಮಣ್ಣು ಕುಸಿದಾಗ ಕೈಗೆ ಸಿಕ್ಕಿದ್ದು ಕೊಡಲಿ ತಲೆ ಮಾತ್ರ." ಅವಳು ಒಂದು ಕಪ್ಪು ದಾರ ತೆಗೆದು ಗಂಟು ಹಾಕಿದಳು. "ಬರೆದುಕೊಂಡೆ" ಅಂದಳು. ಅಷ್ಟೇ ಮಾತು. ನಾನು ನನ್ನ ನೋಟ್‌ಬುಕ್ಕಿನಲ್ಲಿ 'ಡ್ವಾರ್ಫ್‌ನ ಅಣ್ಣ' ಅಂತ ಬರೆದು ಅಡಿಗೆರೆ ಎಳೆದೆ. ಆರು ತಿಂಗಳಾದ ಮೇಲೆ ಆ ಅಣ್ಣ ಕಥೆಯೊಳಗೆ ಬಂದ, ಜೀವಂತವಾಗಿ. ಆ ದಿನ ಆ ಹುಡುಗನ ಮುಖ ನೋಡಬೇಕಿತ್ತು.

ಒಂದು ಸೆಷನ್ನಿಗೆ ಒಬ್ಬರನ್ನು ಒಂದೇ ಪ್ರಶ್ನೆ ಕೇಳಿ. ಜಾಸ್ತಿ ಕೇಳಿದರೆ ಪೊಲೀಸ್ ವಿಚಾರಣೆ ಆಗಿಬಿಡುತ್ತದೆ. ಉತ್ತರ ಬಂದಮೇಲೆ ಸಮಾಧಾನ ಹೇಳಬೇಡಿ, ಗಂಟು ಹಾಕಿ ಸುಮ್ಮನಾಗಿ. ಶೋ ಆಫ್ ಅನ್ನಿಸುತ್ತದಾ ಅನ್ನೋ ನಿಮ್ಮ ಭಯ ಅಲ್ಲಿಗೆ ಹೋಯಿತು, ಯಾಕೆಂದರೆ ಪ್ರತಿ ಸಲ ದೀಪ ಬೀಳುವುದು ಬೇರೆಯವರ ಮೇಲೆ.

ಕನ್ನಡದಲ್ಲಿ ಆಡುವವರಿಗೆ ಇಲ್ಲಿ ಒಂದು ಅನುಕೂಲವೂ ಇದೆ. ರೇವನ್ ಅಂದರೆ ನಮ್ಮ ಕಾಗೆಯ ದೊಡ್ಡಣ್ಣ. ಸತ್ತವರಿಗೂ ಕಾಗೆಗೂ ಇರುವ ಸಂಬಂಧವನ್ನು ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಒಂದು ಊರಿನ ಮಸಣದಲ್ಲಿ ನಾನು "ಎಡೆ ಇಟ್ಟು ಒಂದು ಗಂಟೆ ಆಯ್ತು, ಕಾಗೆ ಇನ್ನೂ ಮುಟ್ಟಿಲ್ಲ" ಅಂದೆ. ಟೇಬಲ್ಲಿನಲ್ಲಿ ಎಲ್ಲರೂ ಶಾಡರ್-ಕೈ ಕಡೆ ತಿರುಗಿದರು. ಇಂಗ್ಲಿಷ್ ಪುಸ್ತಕದಲ್ಲಿ ಇದಕ್ಕೆ ಎರಡು ಪುಟ ಬೇಕಾಗುತ್ತಿತ್ತು.

ಮಾತಿನ ವಿಷಯ ಬಂತಲ್ಲ, ಎಲ್ಫ್‌ಗೆ ಕನ್ನಡ ಬಹಳ ಒಗ್ಗುತ್ತದೆ. ಎಲ್ಫ್ 750 ವರ್ಷದ ತನಕ ಬದುಕಬಹುದು, ನೂರು ತುಂಬುವ ಹೊತ್ತಿಗೆ ದೊಡ್ಡವರ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಪಾತ್ರಕ್ಕೆ 300 ಅಂತ ಇಟ್ಟುಕೊಳ್ಳಿ. ಎಪ್ಪತ್ತು ವರ್ಷದ ಹೋಟೆಲ್ ಯಜಮಾನನನ್ನು ಏನಂತ ಕರೆಯುತ್ತೀರಿ? "ತಮ್ಮಾ" ಅನ್ನಬೇಕು, ಅಲ್ವಾ? ಒಂದು ಸಲ ಅಂದು ನೋಡಿ, ನಿಮ್ಮ ವಯಸ್ಸು ಎಲ್ಲರಿಗೂ ಗೊತ್ತಾಗುತ್ತದೆ. "ಮೊನ್ನೆ ಈ ಬಂದರಿಗೆ ಬಂದಿದ್ದೆ, ಆಗ ಈ ಕಟ್ಟೆ ಇರಲಿಲ್ಲ" ಅನ್ನಿ. ಕಟ್ಟೆ ಕಟ್ಟಿ ಎಂಬತ್ತು ವರ್ಷ ಆಗಿದೆ ಅಂತ ಡಿಎಂ ಹೇಳಲಿ. ನೀನು, ನೀವು, ತಾವು ಅನ್ನೋ ಮೂರು ಮೆಟ್ಟಿಲು ನಮ್ಮ ಕೈಯಲ್ಲಿದೆ. ಶತ್ರುವಿಗೂ ತಾವು ಅನ್ನುವ ಎಲ್ಫ್ ಒಂದು ದಿನ ಇದ್ದಕ್ಕಿದ್ದ ಹಾಗೆ ನೀನು ಅಂದರೆ, ಕತ್ತಿ ಹಿರಿಯುವುದಕ್ಕಿಂತ ಜೋರಾಗಿ ಕೇಳಿಸುತ್ತದೆ.

ಟ್ರಾನ್ಸ್ ಅನ್ನೂ ಸುಮ್ನೆ ಬಿಡಬೇಡಿ. ಉಳಿದವರು ಎಂಟು ಗಂಟೆ ಮಲಗುತ್ತಾರೆ, ನಿಮ್ಮ ಲಾಂಗ್ ರೆಸ್ಟ್ ನಾಲ್ಕು ಗಂಟೆಗೆ ಮುಗಿಯುತ್ತದೆ. ಮಿಕ್ಕ ನಾಲ್ಕು ಗಂಟೆ ನೀವೇನು ಮಾಡುತ್ತೀರಿ? ಈ ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಂಡರೆ ಪಾತ್ರದ ಅರ್ಧ ಕೆಲಸ ಮುಗಿದಂತೆ. 2018ರ ಪುಸ್ತಕದ ಪ್ರಕಾರ ಎಲ್ಫ್ ಆತ್ಮಗಳು ಮತ್ತೆ ಮತ್ತೆ ಹುಟ್ಟುತ್ತವೆ, ಎಳೆಯ ಎಲ್ಫ್‌ಗಳಿಗೆ ಟ್ರಾನ್ಸ್‌ನಲ್ಲಿ ಹಿಂದಿನ ಜನ್ಮದ ನೆನಪು ಬರುತ್ತದೆ. ಪೂರ್ವಜನ್ಮದ ವಾಸನೆ ಅಂದರೆ ಸಾಕು, ನಮ್ಮಲ್ಲಿ ಯಾರೂ ಅರ್ಥ ಕೇಳುವುದಿಲ್ಲ.

ಇನ್ನು ಉಳಿದವರನ್ನು ಬೇಗ ನೋಡಿಬಿಡೋಣ. ನೆಲದಡಿಯ ಎಲ್ಫ್ ಆದ ಡ್ರೌ ಅಪರೂಪ ಅಂತ ಹೇಳಬೇಡಿ, ನಗುತ್ತಾರೆ. 1988ರಲ್ಲಿ ಡ್ರಿಜ್ಟ್ ಅನ್ನೋ ಕಾದಂಬರಿ ನಾಯಕ ಬಂದಾಗಿನಿಂದ ಎರಡು ಕತ್ತಿ ಹಿಡಿದ ಒಳ್ಳೆಯ ಡ್ರೌ ಬೀದಿಗೊಬ್ಬ ಸಿಗುತ್ತಾನೆ. 2014ರಲ್ಲಿ ಬಿಸಿಲು ಅವರಿಗೆ ತೊಂದರೆ ಕೊಡುತ್ತಿತ್ತು, 2024ರ ಪುಸ್ತಕ ಅದನ್ನೂ ತೆಗೆದುಹಾಕಿದೆ. ನನಗೆ ಇದು ಅಷ್ಟು ಇಷ್ಟವಾಗಲಿಲ್ಲ. ಹಗಲು ಕಂಡರೆ ಕಣ್ಣು ಕಿರಿದು ಮಾಡುವುದರಲ್ಲೇ ಆ ಪಾತ್ರದ ರುಚಿ ಇತ್ತು. ಲಿಥಾರಿ ಅಂತ ಬೆಳ್ಳಿ ತೋಳವಾಗುವ ಎಲ್ಫ್ ಇದೆ, ಕಥೆ ಚೆಂದ, ಆದರೆ ಈಗಿನ ನಿಯಮ ನೀವೇ ಕಟ್ಟಿಕೊಳ್ಳಬೇಕು. ಸ್ಟಾರ್ ಎಲ್ಫ್ ಯುಯಿರ್‌ವುಡ್ ಕಾಡಿನ ಮರೆಯ ಒಂದು ಪುಟ್ಟ ಲೋಕದವರು, ಫರ್ಗಾಟನ್ ರೆಲ್ಮ್ಸ್‌ನಿಂದ ಆಚೆ ಅವರಿಗೆ ನೆಲೆ ಇಲ್ಲ. ಎಲಾಡ್ರಿನ್ ಮಾತ್ರ ನಿಜಕ್ಕೂ ಮಜಾ. ವಸಂತ, ಬೇಸಿಗೆ, ಶರತ್ಕಾಲ, ಚಳಿಗಾಲ ಅಂತ ನಾಲ್ಕು ಋತು, ಲಾಂಗ್ ರೆಸ್ಟ್ ಮುಗಿದಾಗ ಬದಲಾಯಿಸಬಹುದು. ಋತುವಿನ ಜೊತೆ ಮನಸ್ಸೂ ಬದಲು. ಮಾಯಾ ಜಿಗಿತ ಇವರಿಗೂ ಇದೆ: ಬೇಸಿಗೆಯಲ್ಲಿ ಜಿಗಿದರೆ ಪಕ್ಕದವರಿಗೆ ಸುಡುತ್ತದೆ, ಚಳಿಗಾಲದಲ್ಲಿ ಜಿಗಿದರೆ ಪಕ್ಕದವನು ಹೆದರುತ್ತಾನೆ. ವಸಂತದಲ್ಲಿ ನಿಮ್ಮ ಬದಲು ಗೆಳೆಯನನ್ನೇ ಕಳಿಸಬಹುದು. ಶಾಡರ್-ಕೈ ಬಹಳ ಮಂಕು ಅನ್ನಿಸಿದರೆ ಇದಕ್ಕೆ ಬನ್ನಿ.

ಗ್ರುಗಾಕ್ ಬಗ್ಗೆ ಒಂದು ಮಾತು ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಅದು ನನ್ನ ಮೆಚ್ಚಿನದು. ಗ್ರೇಹಾಕ್ ಅನ್ನೋ ಇನ್ನೊಂದು ಆಟದ ಲೋಕದ ಕಾಡು ಎಲ್ಫ್, ಹೊರಗಿನವರನ್ನು ಹತ್ತಿರ ಸೇರಿಸದವರು. ಕರಡಿನ ನಿಯಮದಲ್ಲಿ ಇವರಿಗೆ ಎಲ್ಲರೂ ಆಡುವ ಕಾಮನ್ ಭಾಷೆಯೇ ಬರುವುದಿಲ್ಲ, ಸಿಲ್ವನ್ ಅನ್ನೋ ಕಾಡಿನ ಭಾಷೆ ಬರುತ್ತದೆ. ನಮ್ಮ ಟೇಬಲ್ಲಿನಲ್ಲಿ ಮನೆಮಾತು ತುಳು ಇದ್ದವರು ಇಬ್ಬರು. ಒಬ್ಬರು ಗ್ರುಗಾಕ್ ಆಡಿದರು, ಸಿಲ್ವನ್ ಬದಲು ತುಳುವಿನಲ್ಲೇ ಮಾತಾಡಿದರು. ಇನ್ನೊಬ್ಬರು ಗ್ನೋಮ್ (ಪುಟ್ಟ ಗಾತ್ರದ ಕುಲದವರು), ದುಭಾಷಿ. ಗ್ನೋಮ್ ಬೇಕೆಂದೇ ತಪ್ಪು ಅನುವಾದ ಮಾಡುತ್ತಿದ್ದರು, ಅದನ್ನು ಗ್ರುಗಾಕ್‌ಗೆ ತಿದ್ದಲು ಬರುವುದಿಲ್ಲ! ಇದು ಅವರಿಬ್ಬರೇ ಬಯಸಿ ಮಾಡಿದ್ದು, ಅದಕ್ಕೇ ಚೆನ್ನಾಗಿತ್ತು. ಬೇರೆಯವರ ಭಾಷೆಯನ್ನು ನೀವು ಎತ್ತಿಕೊಂಡು ಕಾಡುಮನುಷ್ಯರ ಮಾತು ಅಂತ ಆಡಿದರೆ ಅದು ತಮಾಷೆ ಅಲ್ಲ.

ಕೊನೆಗೆ ಸೀ ಎಲ್ಫ್. ನೀರಿನಲ್ಲೂ ಗಾಳಿಯಲ್ಲೂ ಉಸಿರಾಡುತ್ತಾರೆ, 30 ಅಡಿ ಈಜುತ್ತಾರೆ, ಮೀನು ಆಮೆಗಳಿಗೆ ಸಣ್ಣಪುಟ್ಟ ವಿಷಯ ತಿಳಿಸಬಲ್ಲರು. 2022ರಲ್ಲಿ ಚಳಿಯ ಏಟೂ ಅರ್ಧವಾಯಿತು. ಸಹುವಾಗಿನ್ ಅನ್ನೋ ಶಾರ್ಕ್ ಭಕ್ತರ ಜೊತೆ ತಲೆತಲಾಂತರದ ವೈರ. ಬಂದರಿನಲ್ಲಿ ಶುರುವಾಗುವ ಆಟಕ್ಕೆ ಇದಕ್ಕಿಂತ ಒಳ್ಳೆಯ ಎಲ್ಫ್ ಇಲ್ಲ, ಹಡಗು ಬಿಟ್ಟು ಒಳನಾಡಿಗೆ ಹೋದರೆ ಇದಕ್ಕಿಂತ ವ್ಯರ್ಥವಾದದ್ದೂ ಇಲ್ಲ. ಹಾಗಾಗಿ ಡಿಎಂಗೆ ಒಂದೇ ಪ್ರಶ್ನೆ ಹಾಕಿ: "ಆ ಪಾಳುಕೋಟೆ ಒಳಗೆ ನೀರಿದೆಯಾ?" ಅವನು ಏನೂ ಹೇಳದೆ ಸಣ್ಣಗೆ ನಕ್ಕರೆ, ನಾನು ಮೇಲೆ ಬರೆದಿದ್ದನ್ನೆಲ್ಲ ಮರೆತು ಸೀ ಎಲ್ಫ್ ತೆಗೆದುಕೊಳ್ಳಿ. ನಗದಿದ್ದರೆ ಶಾಡರ್-ಕೈ, ವಿಝರ್ಡ್ ಅಥವಾ ಕ್ಲೆರಿಕ್, 2022ರ ನಿಯಮ. ಸೆಷನ್ನಿಗೆ ಮುಂಚೆ ಡಿಎಂಗೆ ಒಂದು ಮೆಸೇಜ್ ಕಳಿಸಿ. ರೇವನ್ ಕ್ವೀನ್ ನಿಮ್ಮ ಲೋಕದಲ್ಲಿ ಇದ್ದಾಳಾ, ಬಂದರಿನ ಜನ ನನ್ನನ್ನು ನೋಡಿ ಹೆದರುತ್ತಾರಾ, ನಾನು ಯಾರ ನೆನಪು ಹುಡುಕಿಕೊಂಡು ಇಲ್ಲಿಗೆ ಬಂದೆ. ಮೂರನೆಯದಕ್ಕೆ ಉತ್ತರ ಅವನೇ ಕೊಡಲಿ, ನಿಮಗೆ ಪೂರ್ತಿ ಹೇಳದೇ ಇದ್ದರೂ ಪರವಾಗಿಲ್ಲ.

ಒಂದು ಕಪ್ಪು ದಾರ ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ನಿಜವಾದದ್ದೇ. ಮೊದಲ ರಾತ್ರಿಯ ಕಾವಲಿಗೆ, ಕಿವಿ ಚೂಪು ಅಷ್ಟೇ ಅಂದಿದ್ದ ಆ ಗೆಳತಿಯ ಪಾತ್ರದ ಪಕ್ಕದಲ್ಲೇ ಕೂತುಕೊಳ್ಳಿ.